ಮಾತು ಸುಳ್ಳಾಯಿತು, ಮನಸ್ಸು ಯಾಕೆ ತಿಳಿಯಾಗಲಿಲ್ಲ?

ಪ್ರಶ್ನೆ: ನಮ್ಮ ಮಹಿಳಾ ಸಂಘಕ್ಕೆ ಹೊಸದಾಗಿ ಒಬ್ಬರು ಸೇರಿದರು. ಅವರು ಬರುವ ಮೊದಲೇ 'ಭಾಳ ಸೊಕ್ಕಿನಾಕಿ, ಹಿಂದಿನ ಸಂಘದಾಗ ರೊಕ್ಕ ಮುಳುಗಿಸ್ಯಾಳ' ಎಂಬ ಸುದ್ದಿ ಬಂದಿತ್ತು. ಆಮೇಲೆ ಆ ಸಂಘದ ಲೆಕ್ಕದ ಪುಸ್ತಕವನ್ನೇ ನೋಡಿದೆವು. ಎರಡು ಕಂತು ತಡವಾಗಿದ್ದು ಬಿಟ್ಟರೆ ಸಾಲ ಪೂರಾ ತೀರಿಸಿದ್ದಾರೆ. ಆದರೂ ಅವರ ಜೊತೆ ಮನಸ್ಸು ಬಿಚ್ಚಿ ಮಾತಾಡಲು ಆಗುತ್ತಿಲ್ಲ. ಯಾಕೆ ಹೀಗೆ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಸುಳ್ಳಾದದ್ದು ಒಂದೇ ಮಾತು. ಅದನ್ನು ಕೇಳಿದ ದಿನದಿಂದ ಪುಸ್ತಕ ನೋಡಿದ ದಿನದವರೆಗೆ ನೀವೇ ಕೂಡಿಹಾಕಿದ ಸಾಕ್ಷಿಗಳು ಹಾಗೇ ಉಳಿದಿವೆ.

ಅವರು ಮೊದಲ ಸಲ ಸಭೆಗೆ ಬಂದಾಗ ಏನಾಗಿರಬಹುದು ನೋಡಿ. ಚಾಪೆಯ ಅಂಚಿಗೆ ಕೂತಿರುತ್ತಾರೆ. 'ಈಕಡೆ ಸರಕೊಂಡು ಕೂಡ್ರಿ ಅಕ್ಕಾ' ಎಂದು ಯಾರೂ ಅಂದಿರುವುದಿಲ್ಲ. ಯಾರೂ ಮಾತಾಡಿಸದ ಕಡೆ ಅವರಾದರೂ ಏನು ಮಾತಾಡಿಯಾರು? ನಡಾವಳಿ ಪುಸ್ತಕಕ್ಕೆ ಸಹಿ ಹಾಕಿ, ಚಹಾ ಬರುವ ಮೊದಲೇ ಎದ್ದು ಹೋಗುತ್ತಾರೆ. 'ನೋಡಿದ್ರ್ಯಾ, ಚಹಾ ಸುದ್ದಾ ಕುಡೀಲಿಲ್ಲ. ಮಂದಿ ಅಂದದ್ದು ಖರೇನೇ ಅದ!' ಅಲ್ಲಿಗೆ ಕೇಳಿದ ಸುದ್ದಿ ಕಣ್ಣಾರೆ ಕಂಡ ಸತ್ಯವಾಯಿತು.

ಇದನ್ನು ತರಗತಿಯಲ್ಲೇ ಮಾಡಿ ನೋಡಿದವರು ಮನಶ್ಶಾಸ್ತ್ರಜ್ಞ ಹೆರಾಲ್ಡ್ ಕೆಲ್ಲಿ. 1950ರಲ್ಲಿ ಪ್ರಕಟವಾದ ಪ್ರಯೋಗ ಅದು. ಅಮೆರಿಕದ ಎಂಐಟಿ ಎಂಬ ತಂತ್ರಜ್ಞಾನ ಸಂಸ್ಥೆಯ ವಿದ್ಯಾರ್ಥಿಗಳಿಗೆ ಅತಿಥಿ ಉಪನ್ಯಾಸಕರೊಬ್ಬರ ಪರಿಚಯದ ಚೀಟಿ ಹಂಚಿದರು. ಎಲ್ಲ ಚೀಟಿಯೂ ಒಂದೇ, ಒಂದು ಮಾತು ಮಾತ್ರ ಬೇರೆ: ಕೆಲವರಿಗೆ 'ತುಂಬಾ ಆತ್ಮೀಯ ಸ್ವಭಾವ', ಕೆಲವರಿಗೆ 'ಬಿಗುಮಾನದವರು' ಎಂಬರ್ಥದ ಮಾತು. ಪಾಠ ಒಂದೇ, ಕೋಣೆ ಒಂದೇ. ಆತ್ಮೀಯ ಎಂದು ಓದಿದವರಲ್ಲಿ ಶೇ 56 ಮಂದಿ ಚರ್ಚೆಯಲ್ಲಿ ಬಾಯಿಬಿಟ್ಟರು, ಇನ್ನೊಂದು ಗುಂಪಿನಲ್ಲಿ ಶೇ 32 ಮಾತ್ರ. ಅಭಿಪ್ರಾಯ ಬೇರೆಯಾಯಿತು ಅನ್ನುವುದು ದೊಡ್ಡ ಮಾತಲ್ಲ, ನಡತೆಯೇ ಬೇರೆಯಾಯಿತು. ನಿಮ್ಮ ಚಾಪೆಯ ಮೇಲೆ ಆದದ್ದೂ ಇದೇ.

ಚಾಡಿಯೇ ಬೇಕೆಂದಿಲ್ಲ, ಹಣೆಪಟ್ಟಿ ಸಾಕು. ನಮ್ಮ ಭಾಗದ ಹುಡುಗ ಬೆಂಗಳೂರಿನ ಸರ್ಕಾರಿ ಕಚೇರಿಗೆ ಸೇರುವ ದಿನ '371 (ಜೆ)ದಲ್ಲಿ ಬಂದವನು' ಎಂಬ ಮಾತು ಅವನಿಗಿಂತ ಮೊದಲೇ ಕುರ್ಚಿಯಲ್ಲಿ ಕೂತಿರುತ್ತದೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಆ ವಿಧಿಯಡಿ ರಾಜ್ಯಮಟ್ಟದ ಕಚೇರಿಗಳಲ್ಲಿ ಕಲ್ಯಾಣ ಕರ್ನಾಟಕದವರಿಗೆ ಇರುವುದು ಶೇ 8ರ ಮೀಸಲಾತಿ. ಕಡತದಲ್ಲಿ ತಪ್ಪಾದರೆ ಉಳಿದವರದ್ದು ಕಣ್ತಪ್ಪು, ಇವನದ್ದು ಕೋಟಾ.

ನಾವೇನು ಕಡಿಮೆ? ನಮ್ಮ ಮೇಲಿನ ಮನೆಗೆ ಮೈಸೂರು ಕಡೆಯವರು ಬಾಡಿಗೆಗೆ ಬಂದಾಗ 'ರೊಟ್ಟಿ ಬಡಿಯೋ ಸಪ್ಪಳಕ್ಕ ತಕರಾರು ಮಾಡ್ತಾರಂತ' ಎಂದು ಓಣಿಯಲ್ಲಿ ಯಾರೋ ಅಂದರು. ನಾಲ್ಕು ತಿಂಗಳು ನಮ್ಮವ್ವ ಅಡುಗೆಮನೆ ಕಿಟಕಿ ಮುಚ್ಚಿ, ಕೆಳಗೆ ಗೋಣಿತಟ್ಟು ಹಾಸಿ ರೊಟ್ಟಿ ಬಡಿದಳು, ಒಂದೊಂದು ರೊಟ್ಟಿಗೂ ಅವರನ್ನು ಬೈಯುತ್ತ. ಒಂದು ಮುಂಜಾನೆ ಆ ತಾಯಿ ಕೆಳಗಿಳಿದು ಬಂದು, 'ಅಮ್ಮ, ನನಗೂ ರೊಟ್ಟಿ ತಟ್ಟೋದು ಹೇಳಿಕೊಡ್ತೀರಾ?' ಅಂದರು. ಅವ್ವ ಕೈಹಿಡಿದು ಹೇಳಿಕೊಟ್ಟಳು. ಅವರು ಹೋದ ಮೇಲೆ ಅಂದದ್ದು ಮಾತ್ರ ಹೀಗೆ: 'ಅಂದ್ರ ಇಷ್ಟ ದಿನಾ ಸಪ್ಪಳ ಕೇಳಕೋತ ಕುಂತಿದ್ಳು ಅಂದಂಗಾತು!'

ಅವ್ವನ ಈ ಮಾತಿಗೂ ಪ್ರಯೋಗದ ಆಧಾರ ಇದೆ. 1975ರಲ್ಲಿ ಮನಶ್ಶಾಸ್ತ್ರಜ್ಞ ಲೀ ರಾಸ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ಪತ್ರಗಳನ್ನು ಕೊಟ್ಟು ಅಸಲಿ, ನಕಲಿ ಗುರುತಿಸಲು ಹೇಳಿದರು. 25ರಲ್ಲಿ 24 ಸರಿ ಎಂದು ಕೆಲವರಿಗೆ, 10 ಮಾತ್ರ ಸರಿ ಎಂದು ಕೆಲವರಿಗೆ ತಿಳಿಸಿ, ಕೊನೆಗೆ 'ಅಂಕಗಳೆಲ್ಲ ನಾವು ಸುಮ್ಮನೆ ಹೇಳಿದ್ದು' ಎಂದೂ ಬಿಡಿಸಿ ಹೇಳಿದರು. ಆದರೂ 24 ಎನಿಸಿಕೊಂಡವರು ಆ ಕೆಲಸದಲ್ಲಿ ತಾವು ಜಾಣರೆಂದೇ ನಂಬಿದ್ದರು. ಇನ್ನೂ ವಿಚಿತ್ರವೆಂದರೆ, ಇದನ್ನೆಲ್ಲ ಸುಮ್ಮನೆ ನೋಡುತ್ತಿದ್ದವರ ಅಭಿಪ್ರಾಯವೂ ಪೂರ್ತಿ ಅಳಿಯಲಿಲ್ಲ. ಅಷ್ಟರೊಳಗೆ ಅವರು ತಮ್ಮ ತಮ್ಮ ಕಾರಣ ಹುಡುಕಿಕೊಂಡಿರಬೇಕು ಎಂಬುದು ಸಂಶೋಧಕರ ವಿವರಣೆ. ಬುನಾದಿ ತೆಗೆದರೂ ಮಾಳಿಗೆ ನಿಂತೇ ಇತ್ತು.

ಹಾಗಂತ ಸಂಘದವರು ವಿಚಾರಿಸಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಒಬ್ಬರು ಕಂತು ಕಟ್ಟದಿದ್ದರೆ ಉಳಿದವರೆಲ್ಲರ ಸಾಲಕ್ಕೂ ಕುತ್ತು ಬರುತ್ತದೆ, ಕೇಳಲೇಬೇಕು. ಆದರೆ 'ಎರಡು ಕಂತು ತಡ' ಎಂಬುದು ಬಾಯಿಂದ ಬಾಯಿಗೆ ಹೋಗುವಾಗ 'ಎರಡು' ಬಿತ್ತು, 'ತಡ' ಬಿತ್ತು, 'ಮುಳುಗಿಸ್ಯಾಳ' ಉಳಿಯಿತು. ಗಾಳಿಸುದ್ದಿಯಲ್ಲಿ ವಿವರ ಉದುರಿ ಚೂಪಾದ ಒಂದು ತುಣುಕು ಉಳಿಯುತ್ತದೆಂದು ಮನಶ್ಶಾಸ್ತ್ರಜ್ಞರಾದ ಆಲ್‌ಪೋರ್ಟ್ ಮತ್ತು ಪೋಸ್ಟ್‌ಮನ್ 1947ರಲ್ಲೇ ವಿವರಿಸಿದ್ದರು. ಪುಸ್ತಕ ಮೊದಲು ನೋಡಬೇಕಿತ್ತು, ನೀವು ಕೊನೆಗೆ ನೋಡಿದಿರಿ. ಅಷ್ಟೇ.

ಈಗ 'ನಾನು ಹಾಗೆ ತಿಳಿಯಬಾರದು' ಎಂದು ಮನಸ್ಸಿಗೆ ಬುದ್ಧಿ ಹೇಳುತ್ತ ಕೂರಬೇಡಿ. ಹಳೆಯ ಸಾಕ್ಷಿಗಳ ಎದುರು ಹೊಸವು ಬೇಕು. ಸಂಘದ ರೊಕ್ಕ ಕಟ್ಟಲು ಬ್ಯಾಂಕಿಗೆ ಹೋಗುವ ಮುಂದಿನ ಸರದಿ ಅವರಿಗೆ ಕೊಡಿಸಿ, ಜೊತೆಗೆ ನೀವು ಹೋಗಿ. ಕಲಬುರಗಿಯ ಬಿಸಿಲಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಒಂದು ತಾಸು. ವಾಪಸ್ ಬರುವಾಗ ಚಹಾ ನೀವೇ ಕುಡಿಸಿ.