ಹೈಡ್ರೋಜನ್ ಬಂತು, ಯಾರೋ ತಿಂದರು

ಬ್ಯಾಕ್ಟೀರಿಯಾ ಬಳಸಿ ಕೊಳಚೆ ನೀರಿನಿಂದ ಹೈಡ್ರೋಜನ್ ತೆಗೆಯುವ ಪ್ರಯೋಗ ನಮ್ಮದು. ಲ್ಯಾಬಿನಲ್ಲಿ ಮೊದಲ ಸಲ ಗ್ಯಾಸ್ ಚೀಲ ಉಬ್ಬಿದಾಗ ಖುಷಿಯೋ ಖುಷಿ. ಪರೀಕ್ಷೆ ಮಾಡಿದರೆ ಒಳಗಿದ್ದದ್ದು ಬಹುಪಾಲು ಮೀಥೇನ್! ಗೋಬರ್ ಗ್ಯಾಸಿನಲ್ಲಿ ಇರುತ್ತದಲ್ಲ, ಅದೇ. ನಾವು ಕಾದಿದ್ದು ಹೈಡ್ರೋಜನ್‌ಗೆ.

ಏನಾಯಿತು ಅಂತ ತಿಳಿಯಲು ಬಾಟಲಿಯೊಳಗೆ ಇಣುಕಬೇಕು. ಅಲ್ಲಿರುವುದು ಕೊಳಚೆ ನೀರು. ಒಂದು ಕಡೆ ಬಾಟಲಿ ತೊಳೆಯುವ ಬ್ರಷ್ಷಿನಂಥದ್ದೇ ಕಾರ್ಬನ್ ನಾರಿನ ಬ್ರಷ್, ಇನ್ನೊಂದು ಕಡೆ ಸ್ಟೀಲ್ ಜಾಲರಿ. ಕೆಲವು ವಾರದಲ್ಲಿ ಬ್ರಷ್ಷಿನ ಮೇಲೆ ಲೋಳೆ ಕಟ್ಟುತ್ತದೆ. ಆ ಲೋಳೆಯಲ್ಲೇ ಜಿಯೋಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾ ಇರುವುದು. ಕಸ ಕೊಳೆತಾಗ ಬರುವ ವಿನೆಗರ್ ಹುಳಿಯನ್ನು ತಿಂದು, ಎಲೆಕ್ಟ್ರಾನುಗಳನ್ನು ಬ್ರಷ್ಷಿಗೆ ಬಿಡುತ್ತವೆ. ಈ ಎಲೆಕ್ಟ್ರಾನುಗಳು ವೈರಿನಲ್ಲಿ ಹರಿದು ಜಾಲರಿಗೆ ಬಂದರೆ ಅಲ್ಲಿ ಹೈಡ್ರೋಜನ್ ಗುಳ್ಳೆ.

ಆದರೆ ಸುಮ್ನೆ ಬಿಟ್ಟರೆ ಗುಳ್ಳೆ ಏಳುವುದಿಲ್ಲ, ಸ್ವಲ್ಪ ಕರೆಂಟು ಕೊಟ್ಟು ತಳ್ಳಬೇಕು. ಲೆಕ್ಕದ ಪ್ರಕಾರ 0.14 ವೋಲ್ಟ್ ಸಾಕು, ನಿಜದಲ್ಲಿ 0.6–0.8 ಬೇಕಾಗುತ್ತದೆ. ಗೋಡೆ ಗಡಿಯಾರದ ಸೆಲ್ಲಿನ ಅರ್ಧದಷ್ಟು, ಅಷ್ಟೇ. ಬರೀ ನೀರನ್ನು ಒಡೆಯಲು ಲೆಕ್ಕದಲ್ಲೇ 1.23 ವೋಲ್ಟ್ ಬೇಕು. ನಮ್ಮ ಬಾಟಲಿಯಲ್ಲಿ ಉಳಿದ ಶಕ್ತಿ ಕಸದಿಂದಲೇ ಬರುತ್ತದೆ. 2005ರಲ್ಲಿ ಅಮೆರಿಕದ ಪೆನ್‌ಸಿಲ್ವೇನಿಯಾ ಮತ್ತು ನೆದರ್ಲೆಂಡ್ಸ್‌ನ ವಾಗೆನಿಂಗೆನ್, ಎರಡೂ ಕಡೆ ಬೇರೆ ಬೇರೆಯಾಗಿ ಇದನ್ನು ಮಾಡಿ ತೋರಿಸಿದರು.

ಹಾಗಾದರೆ ನಮ್ಮ ಹೈಡ್ರೋಜನ್ ತಿಂದವರು ಯಾರು? ಮೀಥೇನ್ ಮಾಡುವ ಸೂಕ್ಷ್ಮಜೀವಿಗಳು. ಕೊಳಚೆಯ ಜೊತೆಗೇ ಬರುತ್ತವೆ, ಗುಳ್ಳೆ ಎದ್ದ ಕೂಡಲೇ ಮುಕ್ಕುತ್ತವೆ. ಕ್ಯಾಲಿಫೋರ್ನಿಯಾದ ನಾಪಾದಲ್ಲಿ ವೈನ್ ಕಾರ್ಖಾನೆಯ ನೀರಿಗೆ 1000 ಲೀಟರ್ ತೊಟ್ಟಿ ಕೂರಿಸಿದಾಗಲೂ ಇದೇ ಕಥೆ: ಗ್ಯಾಸಿನಲ್ಲಿ ಶೇ 86ರಷ್ಟು ಮೀಥೇನ್. ಇಂಗ್ಲೆಂಡಿನ ನ್ಯೂಕಾಸಲ್ ಹತ್ತಿರ 120 ಲೀಟರ್ ತೊಟ್ಟಿಯಲ್ಲಿ ಹೈಡ್ರೋಜನ್ ಆ ಸೂಕ್ಷ್ಮಜೀವಿಗಳಿಗೆ ಸಿಗದ ಹಾಗೆ ಎರಡು ಬದಿಗಳ ನಡುವೆ ಅಗ್ಗದ ಹಾಳೆ ಅಡ್ಡ ಇಟ್ಟರು. ಊರ ಕೊಳಚೆಯಿಂದಲೇ ಹೆಚ್ಚುಕಡಿಮೆ ಶುದ್ಧ ಹೈಡ್ರೋಜನ್ ಬಂತು. ಆದರೆ ಹಾಕಿದ ಕರೆಂಟಿನ ಶೇ 70ರಷ್ಟೇ ಹೈಡ್ರೋಜನ್ ರೂಪದಲ್ಲಿ ವಾಪಸ್. ಕೊಳಚೆ ಒಂದಷ್ಟು ತಿಳಿಯಾಯಿತಲ್ಲ, ಆ ಲಾಭ ಬೇರೆ.

ಕೊಡಗಿನ ಬೆಳೆಗಾರರೊಬ್ಬರು ಕೇಳಿದರು, "ಸಾರ್, ಕಾಫಿ ಪಲ್ಪಿಂಗ್ ನೀರಿಗೆ ಇದನ್ನ ಹಾಕಬಹುದಾ?" ಕಾಫಿ ಹಣ್ಣಿನ ಸಿಪ್ಪೆ ಸುಲಿದು ತೊಳೆದ ಆ ನೀರಿನಲ್ಲಿ ಸಕ್ಕರೆ ಅಂಶ ಜಾಸ್ತಿ, ಊಟವೇನೋ ಭರ್ಜರಿ. ಆದರೆ ಪಲ್ಪಿಂಗ್ ಎರಡು-ಮೂರು ತಿಂಗಳು. ಆಮೇಲೆ ಬ್ರಷ್ಷಿನ ಲೋಳೆಗೆ ಉಪವಾಸ. ಸದ್ಯಕ್ಕೆ ಗೋಬರ್ ಗ್ಯಾಸ್ ಗುಂಡಿಯೇ ಮಾಡಿಸಿ ಅಂದೆ. ಪಲ್ಪಿಂಗ್ ಮುಗಿದ ಮೇಲೆ ಸಗಣಿ ಹಾಕಿ ನಡೆಸಬಹುದು. ಅಲ್ಲಿ ಮೀಥೇನ್ ಬಂದರೆ ಬೇಜಾರೂ ಇಲ್ಲ, ಅಲ್ವಾ?