ಊದುಬತ್ತಿಗೆ ಊರು ಯಾವುದು?

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ತಯಾರಾದ ಊದುಬತ್ತಿ ಭಾರತದ್ದೇ ತಾನೆ? ಕೊಲಂಬೊದ ಕಸ್ಟಮ್ಸಿಗೆ ಅಷ್ಟು ಹೇಳಿದರೆ ಸಾಲದು. ಡಬ್ಬಿಯ ಮೇಲಿರುವ ಮೈಸೂರಿನ ಹೆಸರಿಗೂ ಅಲ್ಲಿ ಬೆಲೆಯಿಲ್ಲ. 2000ದ ಮಾರ್ಚ್ 1ರಿಂದ ಜಾರಿಯಲ್ಲಿರುವ ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದದ ಸುಂಕ ರಿಯಾಯಿತಿ ಬೇಕಿದ್ದರೆ, ಸರಕು ಲಂಕಾ ರಿಯಾಯಿತಿ ಕೊಡದ ಸರಕುಗಳ ಪಟ್ಟಿಯಲ್ಲಿಲ್ಲ ಎಂದು ಮೊದಲು ನೋಡಿಕೊಳ್ಳಿ. ಆಮೇಲಿನದೆಲ್ಲ ಮೂಲದ, ಅಂದರೆ ಸರಕು ಯಾವ ದೇಶದ್ದೆನ್ನುವ, ಲೆಕ್ಕ.

ಷರತ್ತು ಎರಡು. ಹೊರದೇಶದ ಅಥವಾ ಮೂಲ ಗೊತ್ತಿಲ್ಲದ ಕಚ್ಚಾ ಸಾಮಗ್ರಿಯ ಮೌಲ್ಯ ಎಫ್‌ಒಬಿ ಬೆಲೆಯ (ಸರಕನ್ನು ಹಡಗಿಗೆ ಹೇರುವವರೆಗಿನ ಬೆಲೆ) ಶೇ 65 ಮೀರಬಾರದು. ಜೊತೆಗೆ, ಆ ಸಾಮಗ್ರಿಯ ಎಚ್‌ಎಸ್ ಸಂಖ್ಯೆಯ (ಕಸ್ಟಮ್ಸ್ ಸರಕಿನ ವರ್ಗ ಗುರುತಿಸುವ ಸಂಖ್ಯೆ) ಮೊದಲ ನಾಲ್ಕು ಅಂಕಿ ಸಿದ್ಧ ಸರಕಿನದಕ್ಕಿಂತ ಬೇರೆಯಿರಬೇಕು. ಹೆಚ್ಚಿನವರು ಎಡವುವುದು ಎರಡನೆಯದರಲ್ಲಿ. ಊದುಬತ್ತಿ 3307ರಲ್ಲಿ ಬರುತ್ತದೆ, ಸೆಂಟಿನ ಮಿಶ್ರಣ 3302ರಲ್ಲಿ, ಇಲ್ಲಿ ತೊಂದರೆಯಿಲ್ಲ. ಆದರೆ ವಿಯೆಟ್ನಾಮಿನ ಕಚ್ಚಾ ಬತ್ತಿಯೂ 3307ರದೇ. ಅದನ್ನು ಸೆಂಟಿನಲ್ಲಿ ಅದ್ದಿ, ಒಣಗಿಸಿ, ಪ್ಯಾಕ್ ಮಾಡಿದರೆ ಮೌಲ್ಯ ಎಷ್ಟೇ ಏರಲಿ, ಆ ನಾಲ್ಕು ಅಂಕಿ ಬದಲಾಗುವುದಿಲ್ಲ. 2019ರ ಆಗಸ್ಟ್‌ನಿಂದ ಆ ಬತ್ತಿಯನ್ನು ಭಾರತಕ್ಕೆ ತರಲು ಪರವಾನಗಿ ಬೇಕು. ಬಿದಿರು ಕಡ್ಡಿಯ ಮೇಲಿನ ಆಮದು ಸುಂಕವೂ 2020ರ ಜೂನ್‌ನಲ್ಲಿ ಶೇ 10ರಿಂದ 25ಕ್ಕೇರಿತು.

ಇನ್ನು ಶೇಕಡಾವಾರು. ಎಫ್‌ಒಬಿ 100 ರೂಪಾಯಿ ಎಂದುಕೊಳ್ಳಿ. ಅದರಲ್ಲಿ ಹೊರಗಿನ ಖಾತೆಗೆ ಬರುವ ಆಮದು ಕಡ್ಡಿ 14, ಜಿಗಟು ಪುಡಿ 18, ಸೆಂಟು 30: ಒಟ್ಟು 62. ಲಂಕಾಕ್ಕೆ ಇದು ನಡೆಯುತ್ತದೆ. ಅದೇ ಸರಕು ದಕ್ಷಿಣ ಏಷ್ಯಾ ದೇಶಗಳ ಸಾಫ್ಟಾ ಮುಕ್ತ ವ್ಯಾಪಾರ ಒಪ್ಪಂದದಡಿ ಢಾಕಾಕ್ಕೆ ಹೊರಟರೆ ನಡೆಯದು, ಅಲ್ಲಿ ಭಾರತದ ಸರಕಿಗೆ ಮಿತಿ 60. ಅಸ್ಸಾಂ ಇಲ್ಲವೆ ತ್ರಿಪುರಾದ ಕಡ್ಡಿ ಕೊಂಡರೆ ಲೆಕ್ಕ 48ಕ್ಕಿಳಿದು ಎರಡೂ ಕಡೆ ನಿರಾಳ.

ಕೊಳ್ಳುವವರು ಚೌಕಾಸಿ ಮಾಡಿ ಬೆಲೆಯನ್ನು 92ಕ್ಕೆ ಇಳಿಸಿದರೋ, ಅದೇ 62 ರೂಪಾಯಿ ಶೇ 67 ದಾಟುತ್ತದೆ. ಲಂಕಾದ ರಿಯಾಯಿತಿಯೂ ಹೋಯಿತು. ಆದ್ದರಿಂದ ದರ ಒಪ್ಪುವ ಮುನ್ನವೇ ಮೂಲದ ಲೆಕ್ಕ ಹಾಕಿ. ಇನ್‌ವಾಯ್ಸ್ ಸಿಐಎಫ್ ದರದಲ್ಲಿದ್ದರೆ ಹಡಗು ಬಾಡಿಗೆ, ವಿಮೆ ಕಳೆದು ಎಫ್‌ಒಬಿ ತೆಗೆಯಬೇಕು. ಕಳೆಯದೆ ಬಿಟ್ಟರೆ ಶೇಕಡಾವಾರು ಸುಳ್ಳೇ ಚೆನ್ನಾಗಿ ಕಾಣುತ್ತದೆ.

ಸ್ಥಳೀಯ ವ್ಯಾಪಾರಿಯ ಜಿಎಸ್‌ಟಿ ಬಿಲ್ಲು ಇದೆಯೆಂದು ಪುಡಿಯನ್ನು ದೇಶೀ ಎಂದು ಬರೆಯಬೇಡಿ. ಬಿಲ್ಲು ಮಾರಿದವರ ಊರು ಹೇಳುತ್ತದೆ, ಪುಡಿಯ ಊರನ್ನಲ್ಲ. ಮೂಲ ತಿಳಿಸುವ ಪತ್ರ ಅವರಿಂದ ಸಿಗದಿದ್ದರೆ ಕೊಟ್ಟ ಬೆಲೆಯಷ್ಟನ್ನೂ ಹೊರಗಿನ ಖಾತೆಗೇ ಹಾಕಿ.

ಭಾರತ–ಶ್ರೀಲಂಕಾ ನಡುವಿನ ಹೊಸ ಆರ್ಥಿಕ ಒಪ್ಪಂದ ಎಟ್ಕಾ ಬಂದರೆ ಇದೆಲ್ಲ ಸಡಿಲವಾಗುತ್ತದೆ ಎನ್ನುವವರಿದ್ದಾರೆ. 2016ರಲ್ಲಿ ಶುರುವಾದ ಆ ಮಾತುಕತೆ ನಿಂತುಹೋಗಿ 2023ರಲ್ಲಿ ಮತ್ತೆ ಆರಂಭವಾಯಿತು. ಸಹಿಯಾಗದ ಒಪ್ಪಂದ ನಂಬಿ ದರ ಹೇಳುವುದು ಅವಿವೇಕ.

ಮೂಲ ಪ್ರಮಾಣಪತ್ರಕ್ಕೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ, ಅಂದರೆ ಡಿಜಿಎಫ್‌ಟಿಯ ಆನ್‌ಲೈನ್ ವೇದಿಕೆಯಲ್ಲಿ ಅರ್ಜಿ ಹಾಕಬೇಕು. ಐಇಸಿ (ಆಮದು–ರಫ್ತುದಾರರ) ಸಂಖ್ಯೆ, ಡಿಜಿಟಲ್ ಸಹಿ ಅಥವಾ ಆಧಾರ್ ಇ–ಸಹಿ, ಇನ್‌ವಾಯ್ಸ್, ವೆಚ್ಚದ ಪಟ್ಟಿ ಕೈಯಲ್ಲಿರಲಿ. ಇನ್‌ವಾಯ್ಸ್ ಸಂಖ್ಯೆ, ಎಚ್‌ಎಸ್ ಸಂಖ್ಯೆ, ತೂಕ ಮೂರೂ ಕಸ್ಟಮ್ಸಿಗೆ ಸಲ್ಲಿಸುವ ಶಿಪ್ಪಿಂಗ್ ಬಿಲ್ಲಿಗೆ ಅಕ್ಷರಶಃ ಹೊಂದಬೇಕು. ಒಂದರಲ್ಲಿ ನಿವ್ವಳ ತೂಕ, ಇನ್ನೊಂದರಲ್ಲಿ ಡಬ್ಬಿ ಸಮೇತದ ತೂಕ ಬರೆದರೂ ಪ್ರಶ್ನೆ ಎದ್ದು, ಅದು ಬಗೆಹರಿಯುವ ತನಕ ಕಂಟೇನರು ಬಂದರಿನಲ್ಲೇ ಕಾಯುತ್ತದೆ.