ದುಡ್ಡಿಲ್ಲದಿದ್ದರೂ ಪ್ರೊಬೇಶನ್ ಆಫೀಸಿಗೆ ಹೋಗಿ

ಟೆಕ್ಸಾಸಿನಲ್ಲಿ ಕ್ರಿಮಿನಲ್ ಕೇಸು ನಡೆಸುವ ನನಗೆ ಒಂದೇ ಮಾತು ಹೇಳಿ ಹೇಳಿ ಸಾಕಾಗಿದೆ. ಫೀಸು ಕಟ್ಟೋಕೆ ದುಡ್ಡಿಲ್ಲ ಅಂತ ಪ್ರೊಬೇಶನ್ ಆಫೀಸರನ್ನು ನೋಡುವುದನ್ನು ತಪ್ಪಿಸಬೇಡಿ. ಪ್ರೊಬೇಶನ್ ಅಂದರೆ ಜೈಲಿಗೆ ಹಾಕುವ ಬದಲು ಷರತ್ತು ಹಾಕಿ ಹೊರಗೆ ಬಿಡುವುದು; ಆಗಾಗ ಆಫೀಸರ ಮುಂದೆ ಹೋಗಿ ಹಾಜರಿ ಹಾಕಬೇಕು.

ಇಲ್ಲಿ ನಿಮ್ಮ ಮೇಲೆ ಕಣ್ಣಿಡುವ ಖರ್ಚನ್ನೂ ನೀವೇ ಕೊಡಬೇಕು. ತಿಂಗಳಿಗೆ 25ರಿಂದ 60 ಡಾಲರ್. ದಂಡ, ಮೂತ್ರ ಪರೀಕ್ಷೆ, ಕಾರಿಗೆ ಹಾಕಿಸುವ ಉಸಿರು ಪರೀಕ್ಷೆ ಯಂತ್ರ ಎಲ್ಲ ಬೇರೆ. ಕೆಲಸ ಹೋದವರಿಗೆ ಇದು ತುಂಬಾ ಜಾಸ್ತಿಯೇ. ಕ್ಯಾಲಿಫೋರ್ನಿಯಾ 2021ರಲ್ಲಿ ಈ ಫೀಸನ್ನೇ ತೆಗೆದುಹಾಕಿತು. 2022ರಿಂದ ಒರೆಗಾನಿನಲ್ಲೂ ಇಲ್ಲ. ನಮ್ಮಲ್ಲೂ ಹೋಗಲಿ ಅನ್ನುವುದು ನನ್ನ ಆಸೆ.

ಆದರೆ ಫೀಸು ಬಾಕಿ ಬೇರೆ, ಹಾಜರಿ ಬಾಕಿ ಬೇರೆ. ಬರೀ ಫೀಸು ಬಾಕಿಗೆ ಪ್ರೊಬೇಶನ್ ರದ್ದಾಗಬೇಕಾದರೆ, ನಿಮಗೆ ಕೊಡುವ ಶಕ್ತಿ ಇತ್ತು, ಆದರೂ ಕೊಡಲಿಲ್ಲ ಅಂತ ಸರ್ಕಾರಿ ವಕೀಲರೇ ತೋರಿಸಬೇಕು. 1983ರ ಬಿಯರ್ಡನ್ ಕೇಸು ನೋಡಿ. ಬಿಯರ್ಡನ್ ಜಾರ್ಜಿಯಾ ರಾಜ್ಯದವನು, ಓದು ಬಾರದವನು. ಕಟ್ಟಬೇಕಿದ್ದ 750 ಡಾಲರ್‌ನಲ್ಲಿ ಅಪ್ಪ ಅಮ್ಮನಿಂದ ಸಾಲ ತಂದು 200 ಕಟ್ಟಿದ. ಅಷ್ಟರಲ್ಲಿ ಕೆಲಸ ಹೋಯಿತು, ಪ್ರೊಬೇಶನ್ ರದ್ದಾಗಿ ಜೈಲೂ ಆಯಿತು. ಯಾಕೆ ಕಟ್ಟಲಿಲ್ಲ ಅಂತ ಜಡ್ಜು ಮೊದಲು ಕೇಳಬೇಕು, ಬಡವ ಅನ್ನುವ ಒಂದೇ ಕಾರಣಕ್ಕೆ ಒಳಗೆ ಹಾಕುವಂತಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟು ಹೇಳಿತು. ಹಾಜರಿ ತಪ್ಪಿಸಿದವರಿಗೆ ಈ ಆಸರೆ ಸಿಗುವುದಿಲ್ಲ. ಹೋಗಲಿಲ್ಲ ಅಂದರೆ ಹೋಗಲಿಲ್ಲ, ಅಷ್ಟೇ.

ದಾವಣಗೆರೆ ಕಡೆಯ ಹುಡುಗನೊಬ್ಬ ಕುಡಿದು ಗಾಡಿ ಓಡಿಸಿದ ಕೇಸಿನಲ್ಲಿ ಪ್ರೊಬೇಶನ್ ಮೇಲಿದ್ದ. ಕೆಲಸ ಹೋಯಿತು. ಹೆದರಿ ಮೂರು ತಿಂಗಳು ಆಫೀಸಿನ ಕಡೆ ತಲೆ ಹಾಕಲಿಲ್ಲ, ನನಗೂ ಫೋನ್ ಮಾಡಲಿಲ್ಲ. ವಾರಂಟ್ ಹೊರಟಿತು. ಕಾರಿನ ಹಿಂದಿನ ದೀಪ ಉರಿಯುತ್ತಿಲ್ಲ ಅಂತ ನಿಲ್ಲಿಸಿದ ಪೊಲೀಸರು ಹಾಗೇ ಕರೆದುಕೊಂಡು ಹೋದರು. ಹಿಂದಿನ ಸೀಟಿನಲ್ಲಿ ಮಗು ಮಲಗಿತ್ತು. ಡ್ಯಾಶ್‌ಬೋರ್ಡಿನೊಳಗೆ ಒಂದು ಕವರ್, ಅದರಲ್ಲಿ 40 ಡಾಲರ್. "ಪೂರ್ತಿ ಅರವತ್ತು ಆಗ್ಲಿ ಅಂತ ಕಾಯ್ತಿದ್ದೆ ಸಾರ್" ಅಂದ. ನನಗೆ ಬೈಯಲೂ ಮನಸ್ಸು ಬರಲಿಲ್ಲ.

ಒಂದೊಂದು ರಾಜ್ಯದ ಕಾನೂನು ಒಂದೊಂದು ಥರ. ನಿಮ್ಮ ವಕೀಲರನ್ನು ಕೇಳದೆ ಏನೂ ಮಾಡಬೇಡಿ. ವೀಸಾದಲ್ಲಿ ಇರುವವರು ಇಮಿಗ್ರೇಷನ್ ವಕೀಲರನ್ನೂ ಕೇಳಿ. ಫೀಸು ಕಡಿಮೆ ಮಾಡಿ ಅಂತ ಜಡ್ಜಿಗೆ ಅರ್ಜಿ ಹಾಕಬಹುದು. ಆಫೀಸಿಗೆ ಹೋಗುವಾಗ ಕೆಲಸ ಹೋದ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್ ಕೈಯಲ್ಲಿರಲಿ. ಜೇಬಿನಲ್ಲಿ 20 ಡಾಲರ್ ಇದ್ದರೆ 20 ಕಟ್ಟಿ, ರಸೀದಿ ಕೇಳಿ ಇಸ್ಕೊಳ್ಳಿ.